ಜೇಬೆಜ್ ಮೇಸ್ತ್ರಿ ಕಟ್ಟಿದ ತಂಡ

ಜೇಬೆಜ್ ಮೇಸ್ತ್ರಿಗೆ ಹೊಟ್ಟೆಕಿಚ್ಚು ಹತ್ತಿಕೊಂಡದ್ದು ಓಟ್ಸ್ ಗಂಜಿಯ ಬಟ್ಟಲಿನಿಂದ. ಮದುವೆಯಾದಂದಿನಿಂದ ಅವನ ಹೆಂಡತಿ ತಬಿತಾ ಗಂಜಿಯ ಮೇಲೆ ಕಾಕಂಬಿ ಸುರಿದೇ ಕೊಡುತ್ತಿದ್ದವಳು. ಅವತ್ತು ಗಿರಣಿಯ ಮೊದಲ ಕೂಗಿಗೆ ಎದ್ದು ಒಂದು ಚಮಚ ಬಾಯಿಗಿಟ್ಟರೆ ಬರೀ ಉಪ್ಪು.

“ಇದೇನೇ ಇದು, ಸಮುದ್ರದ ನೀರಲ್ಲಿ ಬೇಯಿಸಿದ್ಯಾ?”

“ನಿನಿಯನ್‌ಗೆ ಸಿಹಿ ಸೇರಲ್ಲ. ಅವರ ಕಡೆ ಗಂಜಿಗೆ ಉಪ್ಪೇ ಅಂತೆ. ಎರಡೆರಡು ಪಾತ್ರೆ ಯಾರು ತಿಕ್ತಾರೆ? ಸುಮ್ನೆ ಉಣ್ಣು.”

ಮೇಜಿನ ಆ ತುದಿಯಲ್ಲಿ ಕೂತಿದ್ದ ನಿನಿಯನ್ ಗೋರ್ಲಿ ಸಂಕೋಚದಿಂದ ತಲೆಯೆತ್ತಿದ. ಸ್ಕಾಟ್ಲೆಂಡಿನ ಕಲ್ಲುಕುಟಿಗರ ಹುಡುಗ. ಕೆಂಚುಮೀಸೆ, ತೆಳ್ಳನೆಯ ಮೈ. ಇಂಗ್ಲೆಂಡಿನ ಈ ಗಿರಣಿಯೂರು ಹ್ಯಾಗ್‌ಡನ್ನಿಗೆ ಬಂದು ಇನ್ನೂ ಒಂದು ವಾರವಷ್ಟೇ ಆಗಿತ್ತು. “ಹೆಂಗಿದ್ರೂ ನಡೀತೈತ್ರಿ ನನಗ,” ಎಂದ.

ಜೇಬೆಜ್ ಉಪ್ಪಿನ ಗಂಜಿ ಉಂಡು ಎದ್ದ. ಈ ಹುಡುಗನನ್ನು ಊರಿಗೆ ಕರೆತಂದವನು ತಾನೇ, ಮನೆಯಲ್ಲಿಟ್ಟುಕೊಂಡವನೂ ತಾನೇ. ಬೈಯುವುದಾದರೂ ಯಾರನ್ನು?

ಜೇಬೆಜ್ ಎಂಟ್ವಿಸಲ್ ಹುಟ್ಟಿದ್ದು ಕೈಮಗ್ಗದ ನೇಕಾರನ ಮನೆಯಲ್ಲಿ, ಕೈಮಗ್ಗಗಳೆಲ್ಲ ಸೌದೆಯಾಗುತ್ತಿದ್ದ ಕಾಲದಲ್ಲಿ. ಎಂಟನೇ ವಯಸ್ಸಿಗೇ ಗಿರಣಿ ಸೇರಿದ. ಅರ್ಧ ದಿನ ಶಾಲೆ, ಅರ್ಧ ದಿನ ಮಗ್ಗದ ಕೆಳಗೆ ತೆವಳಿ ಹತ್ತಿ ಗುಡಿಸುವ ಕೆಲಸ. ಮೀಸೆ ದಪ್ಪವಾಗುವ ಹೊತ್ತಿಗೆ ಮಗ್ಗದ ಮೇಸ್ತ್ರಿಯಾದ. ಕರ್ಶಾ ದೊರೆಯ ಗಿರಣಿಯಲ್ಲಿ ಯಾವ ಮಗ್ಗ ಕುಂಟಿದರೂ ಜೇಬೆಜ್ ಬರಬೇಕು. ಮಾತು ಕಡಿಮೆ, ಕುಡಿತವಿಲ್ಲ, ಭಾನುವಾರ ತಪ್ಪದೆ ಪ್ರಾರ್ಥನಾಮಂದಿರದ ಮುಂದಿನ ಬೆಂಚು. ಸುಳ್ಳು ಹೇಳದವನು ಎಂದು ಹೆಸರು. ಅಳತೆಗೋಲಿನ ಬಗ್ಗೆ ಜಗಳವಾದರೆ, “ಜೇಬೆಜ್‌ನ ಕೇಳಿ” ಎನ್ನುತ್ತಿದ್ದರು.

ಆ ಮಂದಿರದ ಪಡ್ಡೆ ಹುಡುಗರನ್ನೇ ಕೂಡಿಸಿ ಅವನು ಕಾಲ್ಚೆಂಡಿನ ತಂಡ ಕಟ್ಟಿದ್ದ. ಮೊದಲ ಚೆಂಡನ್ನು ಹೊಲಿದುಕೊಟ್ಟವನು ಚಮ್ಮಾರ ಸೆತ್ ಪಿಲ್ಲಿಂಗ್. ಗೋಲು ಕಾಯಲು ನಿಂತವನೂ ಅವನೇ, ಏಕೆಂದರೆ ಅವನಿಗೆ ಓಡಲು ಬರುತ್ತಿರಲಿಲ್ಲ. ಬಣ್ಣ ಹಾಕುವವರ ಹೊಲದಲ್ಲಿ ಬಟ್ಟೆ ಒಣಗಿಸುವ ಗಳುಗಳೇ ಗೋಲುಕಂಬ. ಆಟ ಮುಗಿಸಿ ಹುಡುಗರು ಕೆಸರು ತೊಳೆಯಲು ‘ಕುರಿಮರಿ’ ಪಡಖಾನೆಯ ಹಿತ್ತಲಿಗೆ ಹೋಗುತ್ತಾರೆಂದು ಪಾದ್ರಿಗೆ ತಿಳಿದಾಗ, ತಂಡ ಬೇಕೋ ದೇವರು ಬೇಕೋ ಎಂಬ ಪ್ರಶ್ನೆ ಬಂತು. ಜೇಬೆಜ್ ಎರಡೂ ಬೇಕೆಂದ. ಅಂದಿನಿಂದ ಅವನಿಗೆ ಹಿಂದಿನ ಬೆಂಚು.

ಆಗಿನ ಕಾಲದ ಆಟವೆಂದರೆ ಒಬ್ಬನಿಗೆ ಚೆಂಡು ಸಿಕ್ಕರೆ ಅವನು ಓಡುವುದು, ಉಳಿದವರೆಲ್ಲ ಕಟುಕನ ಹಿಂದಿನ ನಾಯಿಗಳಂತೆ ಅವನ ಬೆನ್ನು ಹತ್ತುವುದು. ಜೇಬೆಜ್ ತನ್ನವರನ್ನು ದೂರ ದೂರ ನಿಲ್ಲಿಸಿದ. ಜೊತೆಗೆ ಯಾರಿಗೂ ಹೊಳೆಯದ ಇನ್ನೊಂದು ಉಪಾಯ ಮಾಡಿದ. ಸಾವಿರ ಮಗ್ಗ ಒಟ್ಟಿಗೆ ಬಡಿದುಕೊಳ್ಳುವ ಕಡೆ ಕೂಗಿದರೆ ಪಕ್ಕದವನಿಗೂ ಕೇಳದು. ಹಾಗಾಗಿ ಗಿರಣಿಯವರು ಸದ್ದಿಲ್ಲದೆ ಬರೀ ತುಟಿಯಲ್ಲೇ ಮಾತಾಡುತ್ತಿದ್ದರು. ಆ ತುಟಿಮಾತನ್ನು ಅವನು ಮೈದಾನಕ್ಕೆ ತಂದ. ಎದುರಾಳಿಗಳು “ಇಲ್ಲಿ ಕೊಡೋ, ಅಲ್ಲಿ ಹೊಡಿಯೋ” ಎಂದು ಗಂಟಲು ಹರಿದುಕೊಳ್ಳುತ್ತಿದ್ದರೆ ಹ್ಯಾಗ್‌ಡನ್ನಿನವರು ಉಸಿರೆತ್ತುತ್ತಿರಲಿಲ್ಲ. ಕಣಿವೆಯವರು ನಗಾಡುತ್ತ ಅದನ್ನು ‘ಮೂಗರ ತಂಡ’ ಎಂದರು. ತಾವೇ ಸೋಲತೊಡಗಿದ ಮೇಲೆ ಅವರ ನಗೆ ನಿಂತಿತು. ಆ ಹೆಸರು ಕೇಳಿದಾಗಲೆಲ್ಲ ಜೇಬೆಜ್‌ಗೆ ಹೊಟ್ಟೆತುಂಬ ಉಂಡ ಸಮಾಧಾನ. ಮಕ್ಕಳಿಲ್ಲದ ಮನುಷ್ಯ, ತಂಡವೇ ಅವನ ಮನೆತನವಾಗಿತ್ತು.

ಒಂದು ಹೊಸವರ್ಷದ ರಜೆಯಲ್ಲಿ ತಂಡ ಸ್ಕಾಟ್ಲೆಂಡಿಗೆ ಆಡಲು ಹೋಗಿ ಚಿಂದಿಯಾಗಿ ಬಂತು. ಚಿಂದಿ ಮಾಡಿದವನು ನಿನಿಯನ್. ಸೋಲಿನ ನೋವಿಗಿಂತ ಜೇಬೆಜ್‌ಗೆ ಆ ಹುಡುಗನ ಕಾಲಿನ ಹುಚ್ಚೇ ಹೆಚ್ಚಾಯಿತು. ರೈಲಿನಲ್ಲಿ ಬರುವಾಗ ಕಣ್ಣು ಮುಚ್ಚಿದರೆ ಅವನೇ. ಊರಿಗೆ ಬಂದವನೇ ಕರ್ಶಾ ದೊರೆಯ ಮುಂದೆ ನಿಂತ: “ಅವನನ್ನ ತರಿಸಿ ದೊರೆ. ಅವನೊಬ್ಬ ಬಂದ್ರೆ ಲಂಡನ್ನಿನ ಸಂಘದವರು ಕೊಡೋ ಗೆಲುವಿನ ಕಪ್ಪು ನಮ್ಮೂರಿಗೆ ಬರುತ್ತೆ.”

ದುಡ್ಡು ಕೊಟ್ಟು ಆಡಿಸುವುದು ಆಗ ನಿಷಿದ್ಧ. ಎಲ್ಲ ಊರಿನವರೂ ಕೊಡುತ್ತಿದ್ದರು, ಎಲ್ಲ ಊರಿನವರೂ ಇಲ್ಲವೆನ್ನುತ್ತಿದ್ದರು. ನಿನಿಯನ್‌ಗೆ ಹೆಸರಿಗೆ ಜೇಬೆಜ್‌ನ ಕೈಕೆಳಗೆ ಮಗ್ಗದ ಕೆಲಸವಾಯಿತು; ಮಲಗಲು ಜೇಬೆಜ್‌ನ ಮಹಡಿಯ ಕೋಣೆ; ಬೆಳಿಗ್ಗೆ ತಬಿತಾಳ ಕೈಯ ಗಂಜಿ.

ಗಂಜಿಯದು ಬರೀ ಮೊದಲು. ಕ್ಷೌರದಂಗಡಿಯಲ್ಲಿ ಹುಡುಗರೆಲ್ಲ ನಿನಿಯನ್‌ನಂತೆ ನಡುಬೈತಲೆ ತೆಗೆಸತೊಡಗಿದರು. ಅವನು ಬೀದಿಗಿಳಿದರೆ ಹೆಂಗಸರು ಮೆಟ್ಟಿಲು ಉಜ್ಜುವುದನ್ನು ಬಿಟ್ಟು ನೆಟ್ಟಗೆ ನಿಲ್ಲುತ್ತಿದ್ದರು. ಬೋಟಿ ಮಾರುವ ಮುದುಕಿ ಅವನಿಗೆ ದಪ್ಪ ತುಂಡು ಹಾಕಿ, “ತಿನ್ನು ಮಗ, ಆ ಜೇಬೆಜ್ ನಿನ್ನ ಉಪವಾಸ ಕೆಡವ್ತಾನೆ” ಎಂದದ್ದು ಜೇಬೆಜ್‌ನ ಎದುರಿಗೇ.

ಅದನ್ನೆಲ್ಲ ನುಂಗಬಹುದಿತ್ತು. ನುಂಗಲಾಗದ್ದು ಆಟ.

“ಯಜಮಾನ್ರ, ಒಂದು ಮಾತು ಹೇಳ್ಲೇನ್ರೀ?” ಎಂದು ಒಂದು ಸಂಜೆ ನಿನಿಯನ್ ತಲೆ ಕೆರೆದುಕೊಂಡ. “ನೀವು ಮಂದೀನ ದೂರ ನಿಂದ್ರಸೂದು ಚಲೋ ಐತಿ. ಆದ್ರ ಭಾಳ ದೂರ ಆತು. ಮೂರು ಮಂದಿ ಸಮೀಪ ಇದ್ದು ಚೆಂಡು ಆಡಸ್ಕೋತ ಹೋದ್ರ, ನಡುವ ಬಂದಾಂವ ಹುಚ್ಚಾಗ್ತಾನ.”

“ನೀನೇನು ನನಗೆ ಕಲಿಸ್ತೀಯಾ?”

“ಇಲ್ಲರೀ. ತಪ್ಪಾಗಿದ್ರ ಬಿಡ್ರಿ.”

ತಪ್ಪಾಗಿರಲಿಲ್ಲ, ಸಂಕಟವೇ ಅದು. ಮುಂದಿನ ಶನಿವಾರ ಹಾಗೆ ಆಡಿದರು, ಗೆದ್ದರು. ಅದರ ಮುಂದಿನ ಶನಿವಾರವೂ ಗೆದ್ದರು. ಹುಡುಗ ಕೆಟ್ಟವನಾಗಿದ್ದರೆ, ಕುಡುಕನಾಗಿದ್ದರೆ, ಸೊಕ್ಕಿನವನಾಗಿದ್ದರೆ ಎಷ್ಟು ಹಗುರವಾಗುತ್ತಿತ್ತು ಎಂದು ಜೇಬೆಜ್ ಹಾಸಿಗೆಯಲ್ಲಿ ಹೊರಳಾಡಿದ. ಹುಡುಗ ಪ್ರತಿ ಆಟದ ನಂತರ ಅವನ ಬಳಿ ಬಂದು, “ಹೆಂಗಾತ್ರಿ ಯಜಮಾನ್ರ?” ಎಂದು ಕೇಳುತ್ತಿದ್ದ.

ಜೇಬೆಜ್‌ಗೆ ಇನ್ನೊಂದು ಶಾಪವಿತ್ತು. ಅವನ ಕಣ್ಣು ತುಟಿ ಓದುತ್ತಿತ್ತು. ಗೆರೆಯ ಈಚೆ ನಿಂತು ಆಚೆ ಕಡೆಯ ಜನ ಏನು ಮಾತಾಡುತ್ತಾರೆಂದು ಅವನಿಗೆ ಬೇಡವೆಂದರೂ ತಿಳಿಯುತ್ತಿತ್ತು. ಒಬ್ಬ ನೇಕಾರ ಹೆಂಗಸು ಇನ್ನೊಬ್ಬಳಿಗೆ, “ಸ್ಕಾಟ್‌ನ ತಂಡ ಗೆಲ್ತಿದೆ ಕಣೇ” ಎಂದಳು. ಇನ್ನೊಂದು ದಿನ ಕರ್ಶಾ ದೊರೆ ಹತ್ತಿಮಂಡಿಯಿಂದ ಬಂದ ನೆಂಟನಿಗೆ ಬೊಟ್ಟುಮಾಡಿ ತೋರಿಸಿದ: “ಇಡೀ ತಂಡ ಕಟ್ಟಿದ್ದೇ ಆ ಹುಡುಗ.” ನೆಂಟ ಜೇಬೆಜ್‌ನತ್ತ ನೋಡಿ, “ಆ ಟೋಪಿಯವನು ಯಾರು?” ಎಂದು ಕೇಳಿದ. ಕರ್ಶಾನ ತುಟಿ ಹೇಳಿತು: “ಮಗ್ಗ ರಿಪೇರಿ ಮಾಡ್ತಾನೆ.”

ಅಂದು ಸಂಜೆ ಅವನು ಊಟ ಮಾಡಲಿಲ್ಲ. “ಹೊಟ್ಟೆ ಸರಿ ಇಲ್ಲ” ಎಂದ. ಅದು ಸುಳ್ಳೇನೂ ಆಗಿರಲಿಲ್ಲ.

ಕಪ್ಪಿನ ಪಂದ್ಯಗಳು ಶುರುವಾಗಿದ್ದವು. ಒಂದು ಮಧ್ಯಾಹ್ನ ಹಬೆಯಂತ್ರ ಕೆಟ್ಟು ಗಿರಣಿಯವರನ್ನು ಬೇಗ ಬಿಟ್ಟರು. ಜೇಬೆಜ್ ಮನೆಗೆ ಬಂದವನು ಅಡುಗೆಮನೆಯ ಕಿಟಕಿಯ ಹೊರಗೇ ನಿಂತುಬಿಟ್ಟ. ಒಳಗೆ ಮೇಜಿನ ಎರಡು ಬದಿ ತಬಿತಾ, ಅವನಿಗಿಂತ ಮುಂಚೆ ಮನೆ ಸೇರಿದ್ದ ನಿನಿಯನ್. ಸದ್ದಿಲ್ಲ. ಇಬ್ಬರೂ ಬರೀ ತುಟಿ ಆಡಿಸುತ್ತಿದ್ದರು. ನಿನಿಯನ್‌ನ ಬಾಯಿ ಮೀಸೆಯಡಿಯಲ್ಲಿತ್ತು. ಕಂಡರೂ ಅವನ ಸೀಮೆಯ ಮಾತು ತಿಳಿಯುತ್ತಿರಲಿಲ್ಲ. ತಬಿತಾಳ ತುಟಿ ಮಾತ್ರ ಬಟಾಬಯಲು. ಅವಳು ನಗುತ್ತಿದ್ದಳು. ಮದುವೆಗೆ ಮುಂಚೆ ನಾಲ್ಕು ಮಗ್ಗ ನಡೆಸುತ್ತಿದ್ದಾಗ ಹಾಗೆ ನಗುತ್ತಿದ್ದಳು. ಆಮೇಲೆ ಅವಳ ತುಟಿ ನಿಧಾನವಾಗಿ, ಅಕ್ಷರ ಅಕ್ಷರವಾಗಿ ಹೇಳಿತು: “ಅವನಿಗೆ ಗೊತ್ತಾಗಬಾರದು.”

ಜೇಬೆಜ್ ಬಾಗಿಲು ತಟ್ಟಲಿಲ್ಲ. ಊರ ಮೇಲಿನ ಬೋಳುಗುಡ್ಡ ಹತ್ತಿ, ಬೆಳಕು ಹೋಗುವ ತನಕ ಕುರಿಗಳ ನಡುವೆ ಅಡ್ಡಾಡಿ ಇಳಿದು ಬಂದ. “ಎಲ್ಲಿಗೆ ಹೋಗಿದ್ದೆ?” ಎಂದು ತಬಿತಾ ಕೇಳಿದರೆ “ಎಲ್ಲೂ ಇಲ್ಲ” ಎಂದ. ಅದು ಅವನು ಹೇಳಿದ ಸುಳ್ಳುಗಳಲ್ಲಿ ಮೊದಲನೆಯದಿರಬೇಕು.

ಆ ತಿಂಗಳಲ್ಲೇ ಹ್ಯಾಗ್‌ಡನ್ನಿನವರು ದಕ್ಷಿಣದ ಒಂದು ಸಿರಿವಂತರ ತಂಡವನ್ನು ಸೋಲಿಸಿದರು. ಊರೆಲ್ಲ ಕುಣಿಯಿತು. ನಿನಿಯನ್‌ನನ್ನು ಹೆಗಲ ಮೇಲೆ ಹೊತ್ತರು. ಹೊತ್ತವರಲ್ಲಿ ಜೇಬೆಜ್ ಕೈಯಾರೆ ಬೆಳೆಸಿದ ಹುಡುಗರೇ ಹೆಚ್ಚು. ಸೋತವರು ಸುಮ್ಮನಿರಲಿಲ್ಲ. ಹ್ಯಾಗ್‌ಡನ್ ಕೂಲಿಯವರನ್ನು ಆಡಿಸುತ್ತಿದೆ ಎಂದು ದೂರು ಕೊಟ್ಟರು. ವಿಚಾರಣೆಗೆ ಲಂಡನ್ನಿನ ಸಂಘದ ಮೂವರು ದೊಡ್ಡಮನುಷ್ಯರು ಬಂದು ರೈಲುನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ಕೂತರು.

ಕರ್ಶಾ ದೊರೆ ಹಿಂದಿನ ದಿನವೇ ಎಲ್ಲರಿಗೂ ‘ನಿನಿಯನ್ ಮಗ್ಗದ ಕೆಲಸದವನು’ ಎಂಬ ಪಾಠ ಹೇಳಿಕೊಟ್ಟಿದ್ದ. “ನಿನ್ನ ಮಾತೇ ಕೊನೇದು ಜೇಬೆಜ್. ನೀನು ಹೇಳಿದ್ರೆ ಎಲ್ಲ ನಂಬ್ತಾರೆ.”

ದೊರೆ ಒಳಗೆ ಹೋಗಿ ಹೇಳಿದ. ಸೆತ್ ಹೋಗಿ, “ಅವನಂಥ ಮಗ್ಗದ ಕೆಲಸದವನನ್ನ ನಾನು ಕಂಡೇ ಇಲ್ಲ ಸ್ವಾಮಿ” ಎಂದು ನೆಟ್ಟಗೆ ಮುಖವಿಟ್ಟು ಹೇಳಿದ. ಕೊನೆಗೆ ಜೇಬೆಜ್. ಆ ಮೂವರಲ್ಲಿ ಬಿಳಿ ಕೆನ್ನೆಗೂದಲಿನ ಮುದುಕ ಕೇಳಿದ: “ಗೋರ್ಲಿ ನಿಮ್ಮ ಕೈಕೆಳಗೆ ತಾನೆ ಕೆಲಸ ಮಾಡೋದು?”

“ಹೌದು ಸ್ವಾಮಿ.”

“ಮಗ್ಗ ಸರಿಮಾಡ್ತಾರಾ?”

ಗೋಡೆಗೆ ಒರಗಿ ನಿಂತಿದ್ದ ನಿನಿಯನ್ ಅವನನ್ನೇ ನೋಡುತ್ತಿದ್ದ. ಭಯವಿರಲಿಲ್ಲ ಆ ಮುಖದಲ್ಲಿ. ಅಪ್ಪನನ್ನು ನೋಡುವಂತೆ ನೋಡುತ್ತಿದ್ದ. ಅದಕ್ಕೇ ಜೇಬೆಜ್‌ಗೆ ಮೈಯುರಿಯಿತು.

“ಮಗ್ಗದ ತಲೆ ಯಾವುದು ಬಾಲ ಯಾವುದು ಅಂತ ಅವನಿಗೆ ತಿಳೀದು ಸ್ವಾಮಿ. ಅವನು ಬಂದಿದ್ದು ಆಡೋಕೆ. ಆಡೋದಕ್ಕೇ ಕೂಲಿ. ಕರ್ಕೊಂಡು ಬಂದವನು ನಾನೇ.”

ಹೇಳುವಾಗ ದನಿ ನಡುಗಲಿಲ್ಲ. ಪ್ರಾರ್ಥನಾಮಂದಿರದಲ್ಲಿ ಸಾಕ್ಷಿ ನುಡಿಯುವವನ ದನಿ. ಎದೆಯೊಳಗೆ ಮಾತ್ರ ಏನೋ ಬೆಚ್ಚಗೆ, ಸಿಹಿಯಾಗಿ ಹರಿಯಿತು. ಅದು ಪುಣ್ಯದ ಸಿಹಿಯಲ್ಲ ಎಂದು ಅವನಿಗೆ ಆಗಲೇ ಗೊತ್ತಿತ್ತು.

ಹ್ಯಾಗ್‌ಡನ್ ಕಪ್ಪಿನಿಂದ ಹೊರಬಿತ್ತು. ನಿನಿಯನ್ ಆಡಕೂಡದೆಂದಾಯಿತು. ಮರುದಿನ ಜೇಬೆಜ್ ಮರದಟ್ಟೆಯ ಬೂಟು ಹಿಡಿದು ಸೆತ್‌ನ ಅಂಗಡಿಗೆ ಹೋದರೆ ಅವನು ತಲೆಯೆತ್ತದೆ, “ನನ್ನ ಹತ್ರ ಸುಳ್ಳಿನ ಅಟ್ಟೆ ಮಾತ್ರ ಇದೆ. ನಿಜದ ಅಟ್ಟೆ ಎಲ್ಲಿ ಸಿಗುತ್ತೋ ಅಲ್ಲಿ ಹೊಡೆಸ್ಕೊ ಹೋಗು” ಎಂದ. ಬೀದಿಯವರು ಎದುರಾದರೆ ರಸ್ತೆ ದಾಟುತ್ತಿದ್ದರು. ಅದನ್ನು ತಡೆದುಕೊಳ್ಳಬಹುದಿತ್ತು. ಭಾನುವಾರ ಪಾದ್ರಿ ಅವನನ್ನು ಹಿಂದಿನ ಬೆಂಚಿನಿಂದ ಎಬ್ಬಿಸಿ ಮುಂದೆ ಕೂರಿಸಿ, ಲೋಕವೆಲ್ಲ ಸುಳ್ಳಿಗೆ ತಲೆಬಾಗಿದಾಗ ಒಬ್ಬ ಎಂಟ್ವಿಸಲ್ ಬಾಗಲಿಲ್ಲ ಎಂದು ಹೊಗಳಿದ. ಜೇಬೆಜ್‌ನ ಕೈಯಲ್ಲಿದ್ದ ಹಾಡಿನ ಪುಸ್ತಕ ತಲೆಕೆಳಗಾಗಿರುವುದನ್ನು ಪಕ್ಕದವನು ತೋರಿಸಬೇಕಾಯಿತು.

ಮನೆಗೆ ಬಂದಾಗ ತಬಿತಾ ಟೋಪಿ ತೆಗೆಯದೆ ಅಡುಗೆಮನೆಯಲ್ಲಿ ನಿಂತಳು. “ನೀನು ಹೇಳಿದ್ದು ನಿಜವೇ. ಆದ್ರೆ ಬೇರೆಯವರು ಸುಳ್ಳು ಹೇಳೋ ಹಂಗೆ ನೀನು ನಿಜ ಹೇಳ್ದೆ.”

“ನೀನು ಅವನ ಪರ ಇರ್ತೀಯ ಅಂತ ನನಗೆ ಗೊತ್ತು. ನಾನು ಕಿಟಕೀಲಿ ನೋಡಿದೀನಿ.”

“ಏನು ನೋಡಿದೀಯ?”

“ಅವನಿಗೆ ಗೊತ್ತಾಗಬಾರದು ಅಂತ ಹೇಳ್ತಿದ್ದೆ. ನಗ್ತಾ ಇದ್ದೆ.”

ತಬಿತಾ ಕುರ್ಚಿ ಎಳೆದುಕೊಂಡು ಕೂತಳು. “ಅಯ್ಯೋ ಪೆದ್ದು ಮುಂಡೇದೆ. ಅವನಿಗೆ ನಮ್ಮ ತುಟಿಮಾತು ಬರ್ತಿರ್ಲಿಲ್ಲ. ತಂಡದಲ್ಲಿ ಅವನೊಬ್ಬನೇ ಕಿವುಡನ ಹಂಗೆ ಆಡ್ತಿದ್ದ. ‘ಯಜಮಾನ್ರು ಇಷ್ಟು ಚೆಂದ ಕಟ್ಯಾರ, ನಾ ಒಬ್ಬನ ಕೆಡಸಾಕತ್ತೀನಿ, ಕಲಿಸ್ರಿ ಅಕ್ಕಾ’ ಅಂತ ಗೋಗರೆದ. ಕಪ್ಪಿನ ಆಟದಲ್ಲಿ ನಿನಗೆ ತೋರಿಸಿ ಬೆರಗು ಮಾಡ್ಬೇಕು ಅಂತಿದ್ವಿ. ನಿನ್ನ ವಿದ್ಯೆ ಕಣೋ, ನಿನ್ನದೇ.”

ಇದನ್ನು ಕೇಳಿ ಜೇಬೆಜ್‌ನ ಉರಿ ತಣ್ಣಗಾಗಬೇಕಿತ್ತು. ಆದರೆ ಹೆಂಡತಿ ತನ್ನನ್ನು ಬಿಟ್ಟು ಅವನ ಜೊತೆ ಸೇರಿ ಗುಟ್ಟು ಕಟ್ಟಿದಳಲ್ಲ ಎಂದು ಇನ್ನೊಂದು ಮೂಲೆಯಲ್ಲಿ ಹೊಗೆಯಾಡಿತು. ಅವನಿಗೇ ತನ್ನ ಮೇಲೆ ಹೇಸಿಗೆಯಾಯಿತು.

ನಿನಿಯನ್ ಹೊರಟ ದಿನ ಬಾಗಿಲಲ್ಲಿ ಗಂಟು ಇಳಿಸಿ ಕೈ ಚಾಚಿದ. “ನಾ ಕಲ್ಲು ಕಡಿಯಾಂವ್ರೀ. ಮಗ್ಗದಾಂವ ಮಗ್ಗದಾಂವ ಅಂತ ಸುಳ್ಳು ಹೇಳಿ ಹೇಳಿ ಸಾಕಾಗಿತ್ತು. ನೀವು ಒಬ್ರ ನಿಜ ಅಂದ್ರಿ. ನನಗ ನಿಮ್ಮ ಮ್ಯಾಲೆ ಸಿಟ್ಟಿಲ್ಲ.”

ಜೇಬೆಜ್ ಆ ಕೈ ಹಿಡಿದ. ಹೇಳಬೇಕಾದದ್ದನ್ನು ಬಿಟ್ಟು, “ರೈಲು ತಪ್ಪೀತು” ಎಂದ. ಹುಡುಗ ಗಂಟೆತ್ತಿಕೊಂಡು ನಡೆದ.

ಮುಂದಿನ ಬೇಸಿಗೆಯಲ್ಲಿ ಲಂಡನ್ನಿನ ಸಂಘದವರು ಊರೂರಿನವರ ಹಟಕ್ಕೆ ಮಣಿದು, ಆಟಗಾರರಿಗೆ ಬಹಿರಂಗವಾಗಿಯೇ ಕೂಲಿ ಕೊಡಬಹುದು ಎಂದು ಒಪ್ಪಿಕೊಂಡರು. ಕರ್ಶಾ ದೊರೆ ಕೂಲಿಯ ತಂಡ ಕಟ್ಟಬೇಕೆಂದು ಹೊರಟ. ಆದರೆ ಯಾರಿಗೆ ಗೊತ್ತಿತ್ತು ಹೇಗೆಂದು? ತಿಂಗಳೊಪ್ಪತ್ತು ತಿಣುಕಾಡಿ ಕಡೆಗೆ ಜೇಬೆಜ್‌ನ ಮನೆಯ ಮುಂದೆ ಗಾಡಿ ನಿಲ್ಲಿಸಿದ. ಕ್ಷಮೆಯ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ.

“ಮಗ್ಗ ಬಿಡ್ತೀಯಾ?”

“ಬಿಡ್ತೀನಿ.”

ಹೀಗೆ ಆ ಕಣಿವೆಯ ಮೊದಲ ಕೂಲಿ ತಂಡವನ್ನು ಕಟ್ಟಿದವನು ಜೇಬೆಜ್ ಎಂಟ್ವಿಸಲ್. ಗಿರಣಿಯ ಖಾಲಿ ಉಗ್ರಾಣದಲ್ಲಿ ಹಗ್ಗ ಕಟ್ಟಿ ಕಸರತ್ತು ಮಾಡಿಸಿದ. ಬೆಳಿಗ್ಗೆ ಗುಡ್ಡ ಹತ್ತಿಸಿದ. ಆಟದ ಹಿಂದಿನ ದಿನ ಪಡಖಾನೆಗೆ ಕಾಲಿಟ್ಟವನಿಗೆ ಕೂಲಿ ಇಲ್ಲವೆಂದ. ಸೆತ್ ಗೊಣಗುತ್ತಲೇ ಹೊಸ ಚೆಂಡು ಹೊಲಿದುಕೊಟ್ಟ. “ಇದು ಸುಳ್ಳಿನ ತೊಗಲು, ನಿನಗೆ ನಡೀತದಾ?” ಎಂದು ಕೇಳಲು ಮರೆಯಲಿಲ್ಲ.

ನಿನಿಯನ್ ಅಷ್ಟರಲ್ಲಿ ಪಕ್ಕದ ಥಾರ್ನ್‌ಲೀ ಊರಿನಲ್ಲಿದ್ದ. ಅಲ್ಲಿ ಆಡುವವನೂ ಅವನೇ, ಕಲಿಸುವವನೂ ಅವನೇ. ತಬಿತಾಳ ಒತ್ತಾಯಕ್ಕೆ ಜೇಬೆಜ್ ಅವನನ್ನು ವಾಪಸು ಕರೆಯಲು ಹೋದ. ಮೈದಾನದ ಬೇಲಿಗೆ ಒರಗಿ, ಅಷ್ಟು ದಿನ ಒಳಗಿಟ್ಟುಕೊಂಡಿದ್ದನ್ನು ಕಕ್ಕಿದ.

“ಅವತ್ತು ನಾನು ನಿಜ ಹೇಳಿದ್ದು ನಿಜದ ಮೇಲಿನ ಆಸೆಗಲ್ಲ. ನಿನ್ನ ಮೇಲಿನ ಹೊಟ್ಟೆಕಿಚ್ಚಿಗೆ.”

ನಿನಿಯನ್‌ನ ಮುಖ ಬಿಳಿಚಿತು. “ಇದನ್ನ ಯಾಕ್ ಹೇಳಿದ್ರಿ?” ಎಂದ. “ಊರ ತುಂಬ ಕಳ್ಳರಿದ್ರೂ ಒಬ್ಬ ಮನಶ್ಯಾ ನೆಟ್ಟಗಿದ್ದ ಅಂತ ನಾ ನೆನಸ್ಕೋತ ಇದ್ನಿ. ನಿಮ್ಮ ಭಾರ ಇಳಸ್ಕೊಂಡ್ರಿ, ನನ್ನ ಕೈಗೆ ಕೊಟ್ರಿ. ನನಗ ಬ್ಯಾಡಾಗಿತ್ತದು.”

ಅವನು ಹ್ಯಾಗ್‌ಡನ್ನಿಗೆ ಬರಲಿಲ್ಲ. ಇಬ್ಬರೂ ಎದುರುಬದುರು ತಂಡ ಆಡಿಸಿದರು, ವರ್ಷ ವರ್ಷವೂ. ಥಾರ್ನ್‌ಲೀಯವರು ಮೈದಾನದಲ್ಲಿ ತುಟಿಮಾತು ಆಡತೊಡಗಿದಾಗ ಪತ್ರಿಕೆಯವರು ಅದಕ್ಕೆ ‘ಗೋರ್ಲಿಯ ಮೌನ’ ಎಂದು ಹೆಸರಿಟ್ಟರು. ಅದನ್ನು ಓದಿದ ಜೇಬೆಜ್ ಪತ್ರಿಕೆಯನ್ನು ಒಲೆಗೆ ಹಾಕಿದ. ಆದರೆ ಆ ವರ್ಷದ ಪಂದ್ಯದಲ್ಲಿ ಗೆರೆಯಾಚೆ ನಿಂತು ಥಾರ್ನ್‌ಲೀಯವರ ತುಟಿಗಳನ್ನೆಲ್ಲ ಓದಿ ತನ್ನವರಿಗೆ ದಾಟಿಸಿ ಗೆದ್ದ. ಮುಂದಿನ ವರ್ಷ ಥಾರ್ನ್‌ಲೀಯ ಹನ್ನೊಂದು ಜನವೂ ಪಕ್ಕದವನಿಗಲ್ಲದೆ ದೂರದವರಿಗೆ ತುಟಿ ಕಾಣದಂಥ ಪೊದೆಮೀಸೆ ಬಿಟ್ಟು ಮೈದಾನಕ್ಕಿಳಿದರು. ಜೇಬೆಜ್ ಸೋತ. ಅಂದು ಸಂಜೆ ಮನೆಗೆ ಬಂದ ಅವನು ಎಷ್ಟೋ ಕಾಲದ ಮೇಲೆ ನಕ್ಕದ್ದನ್ನು ತಬಿತಾ ಕಂಡಳು. ನಕ್ಕು ಮುಗಿಸಿ, “ಇದು ನನಗೆ ಹೊಳೀಲಿಲ್ಲವಲ್ಲೇ” ಎಂದು ಮತ್ತೆ ಮುಖ ಗಂಟುಹಾಕಿಕೊಂಡ.

ಕಲ್ಲಿನ ಧೂಳು ನಿನಿಯನ್‌ನ ಎದೆಯಲ್ಲಿ ಚಿಕ್ಕಂದಿನಿಂದಲೇ ಕೂತಿತ್ತು. ನಲವತ್ತು ತುಂಬುವ ಮೊದಲೇ ಕೆಮ್ಮಿ ಕೆಮ್ಮಿ ತೀರಿಕೊಂಡ. ಥಾರ್ನ್‌ಲೀಯಲ್ಲಿ ಮಣ್ಣು. ಜೇಬೆಜ್ ಕಪ್ಪು ಕೋಟು ಹಾಕಿಕೊಂಡು ತಬಿತಾಳ ಜೊತೆ ಹೋದ. ಗಿರಣಿಗಳು ಅರ್ಧ ದಿನ ಮುಚ್ಚಿದ್ದವು. ಬೀದಿಯ ಎರಡೂ ಬದಿ ಜನ ಟೋಪಿ ತೆಗೆದು ನಿಂತಿದ್ದರು. ಪೆಟ್ಟಿಗೆಗೆ ಹೆಗಲು ಕೊಡಲು ಜಾಗ ಸಿಗಲಿಲ್ಲ; ಒಬ್ಬ ಆಟಗಾರ ಅವನನ್ನು ಗುರುತಿಸಿ, “ಬನ್ನಿ ಮೇಸ್ತ್ರಿ, ನಿಮ್ಮ ಬಗ್ಗೆ ಗೋರ್ಲಿ ಯಾವಾಗಲೂ ಹೇಳೋರು” ಎಂದು ತನ್ನ ಜಾಗ ಬಿಟ್ಟುಕೊಟ್ಟ. ಏನು ಹೇಳುತ್ತಿದ್ದ ಎಂದು ಕೇಳಲು ಜೇಬೆಜ್‌ಗೆ ಧೈರ್ಯವಾಗಲಿಲ್ಲ. ಪೆಟ್ಟಿಗೆ ಹಗುರವಾಗಿತ್ತು. ಗುಂಡಿಯ ಬಳಿ ಅವನ ಕಣ್ಣಿಂದ ನೀರು ಸುರಿದು ಗಡ್ಡದಲ್ಲಿಳಿಯಿತು, ಒರೆಸಿಕೊಳ್ಳಲಿಲ್ಲ.

ಊರಿಗೆ ಹಿಂದಿರುಗುವ ರೈಲಿನಲ್ಲಿ ಜೇಬೆಜ್ ಕಿಟಕಿಯಾಚೆ ನೋಡುತ್ತಲೇ ಹೇಳಿದ: “ನನ್ನ ಮಣ್ಣಿಗೆ ಅಷ್ಟು ಜನ ಬರಲ್ಲ ಬಿಡು.”

ತಬಿತಾ ಅವನತ್ತ ತಿರುಗಿದಳು. “ಸತ್ತವನ ಮೇಲೂ ಹೊಟ್ಟೆಕಿಚ್ಚಾ?”

“ಹೂಂ.”

ಅವಳು ಬೈಯಲಿಲ್ಲ. ಕರವಸ್ತ್ರ ಮೂಗಿಗೆ ಹಿಡಿದುಕೊಂಡು ನಕ್ಕಳೋ ಅತ್ತಳೋ, ಎದುರು ಕೂತವರಿಗೆ ತಿಳಿಯಲಿಲ್ಲ. “ಜನ ಬೇಕಂದ್ರೆ ಶನಿವಾರ ಮಧ್ಯಾಹ್ನ ಸಾಯಿ. ಗಿರಣಿ ರಜ, ಎಲ್ಲಾ ಬರ್ತಾರೆ.”

“ಶನಿವಾರ ಆಗಲ್ಲ,” ಎಂದ ಜೇಬೆಜ್. “ಶನಿವಾರ ಆಟ ಇರುತ್ತೆ.”